ಕೋವಿಯ ಒದೆತ ಮತ್ತು ಕಣ್ಣಿನ ದೂರ

ಹೆಬ್ಬಾಳ ಕೆರೆಯ ದಂಡೆಯಲ್ಲಿ ನಿಂತು ದುರ್ಬೀನಿನಲ್ಲಿ ಹೆಜ್ಜಾರ್ಲೆಗಳನ್ನು ನೋಡಿದ್ದೀರಾ? ನೀವು ಕನ್ನಡಕ ಧರಿಸುವವರಾದರೆ ನೋಟ ಪೂರ್ತಿ ಕಾಣದೆ ಅಂಚು ಕತ್ತರಿಸಿದಂತೆ ಅನಿಸಿರಬಹುದು. ದುರ್ಬೀನಿನಿಂದ ಹೊರಬರುವ ಬೆಳಕು ನೇತ್ರಮಸೂರದ ಹಿಂದೆ ಒಂದು ನಿರ್ದಿಷ್ಟ ದೂರದಲ್ಲಿ ಪುಟ್ಟ ವೃತ್ತವಾಗಿ ಕೂಡುತ್ತದೆ. ಕಣ್ಣಿನ ಪಾಪೆ ಅಲ್ಲಿದ್ದರೆ ಮಾತ್ರ ಇಡೀ ನೋಟ ದಕ್ಕುತ್ತದೆ. ಈ ಅಂತರವನ್ನು ‘ನೇತ್ರದೂರ’ ಎನ್ನೋಣ. ಕನ್ನಡಕ ಕಣ್ಣನ್ನು ಆ ಜಾಗದಿಂದ ಹಿಂದೆ ಇರಿಸುತ್ತದೆ.

ದುರ್ಬೀನಿಗೆ ಒಂದೆರಡು ಸೆಂ.ಮೀ. ನೇತ್ರದೂರ ಸಾಕು. ಕೋವಿಯ ಮೇಲೆ ಕೂರಿಸುವ ದೂರದರ್ಶಕಕ್ಕೆ, ಅಂದರೆ ಸ್ಕೋಪಿಗೆ, ಅಷ್ಟು ಸಾಲದು. ಏಕೆ?

ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿದವರಿಗೆ ಬೆಂಗಳೂರಿನ ಬೇಟೆಗಾರ ಕೆನೆತ್ ಆ್ಯಂಡರ್ಸನ್ ಪರಿಚಿತ. ಆತನ ಮೆಚ್ಚಿನ ಕೋವಿ .405 ವಿಂಚೆಸ್ಟರ್, 1895ರ ಮಾದರಿ. ಅದರ ಗುಂಡು ಸುಮಾರು 19.4 ಗ್ರಾಂ ತೂಗುತ್ತದೆ. ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಇವೆರಡರ ಗುಣಲಬ್ಧವಾದ ಸಂವೇಗ 13 ಕಿ.ಗ್ರಾಂ. ಮೀ/ಸೆ. ನ್ಯೂಟನ್ನನ ಮೂರನೆಯ ನಿಯಮದಂತೆ ಅಷ್ಟೇ ಸಂವೇಗ ಕೋವಿಗೂ ಹಿಮ್ಮುಖವಾಗಿ ದೊರೆಯುತ್ತದೆ. ಮದ್ದಿನ ಅನಿಲದ ಪಾಲೂ ಸೇರಿದರೆ 4 ಕಿ.ಗ್ರಾಂ.ನಷ್ಟಿರುವ ಕೋವಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಭುಜವನ್ನು ಒದೆಯುತ್ತದೆ. ಅದು ಸೈಕಲ್ಲಿನ ವೇಗ! ನೇತ್ರಮಸೂರದ ಲೋಹದ ಅಂಚು ಹತ್ತಿರವಿದ್ದರೆ ಹುಬ್ಬಿನ ಮೇಲೆ ಅರ್ಧಚಂದ್ರಾಕಾರದ ಗಾಯ ಖಚಿತ.

ಆದ್ದರಿಂದ ಸಾಮಾನ್ಯ ಸ್ಕೋಪುಗಳ ನೇತ್ರದೂರ 9 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ಭಾರಿ ಕೋವಿಗೆ 10 ಸೆಂ.ಮೀ. ಅಥವಾ ಹೆಚ್ಚಿದ್ದರೆ ಕ್ಷೇಮ. ವರ್ಧನೆ ಕಡಿಮೆ ಇದ್ದಷ್ಟೂ ಒಳ್ಳೆಯದು. ವಸ್ತುಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 32 ಮಿ.ಮೀ. ಮಸೂರ, 4 ಪಟ್ಟು ವರ್ಧನೆ ಎಂದರೆ 8 ಮಿ.ಮೀ. ಹಗಲಿನಲ್ಲಿ ನಮ್ಮ ಪಾಪೆ 2-3 ಮಿ.ಮೀ. ಮಾತ್ರ. ತಲೆ ತುಸು ಅಲುಗಿದರೂ ನೋಟ ತಪ್ಪದು.

ಕೂರಿಸುವುದು ಹೇಗೆ? ಮೊದಲು ಕೋವಿಯಲ್ಲಿ ಗುಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸ್ಕೋಪನ್ನು ಉಂಗುರಗಳಲ್ಲಿ ಸಡಿಲವಾಗಿ ಇಟ್ಟು, ಕಣ್ಣು ಮುಚ್ಚಿ ಕೋವಿಯನ್ನು ಭುಜಕ್ಕೇರಿಸಿ ಕೆನ್ನೆಯನ್ನು ಸಹಜವಾಗಿ ಒರಗಿಸಬೇಕು. ಕಣ್ಣು ತೆರೆದಾಗ ಕಪ್ಪು ಅಂಚು ಕಂಡರೆ ಕತ್ತನ್ನು ಚಾಚಬಾರದು, ಸ್ಕೋಪನ್ನೇ ಸರಿಸಬೇಕು. ವರ್ಧನೆ ಬದಲಿಸಬಹುದಾದ ಸ್ಕೋಪಾದರೆ ಗರಿಷ್ಠ ವರ್ಧನೆಯಲ್ಲಿ ಪರೀಕ್ಷಿಸಬೇಕು, ಏಕೆಂದರೆ ಬಹುತೇಕ ಆಗಲೇ ನೇತ್ರದೂರ ಅತಿ ಕಡಿಮೆ. ಬೋರಲು ಮಲಗಿಯೂ ನೋಡಬೇಕು. ಆ ಭಂಗಿಯಲ್ಲಿ ತಲೆ ಮುಂದೆ ಜರುಗುತ್ತದೆ.

ಇನ್ನು ಬಿಗಿತದ ಮಾತು. ಕೋವಿ 4 ಮೀ/ಸೆ. ವೇಗವನ್ನು ಸೆಕೆಂಡಿನ ಸಾವಿರದ ಎರಡು ಭಾಗದಲ್ಲಿ ಪಡೆಯಿತೆನ್ನೋಣ. ಆಗಿನ ವೇಗೋತ್ಕರ್ಷ ಗುರುತ್ವದ 200 ಪಟ್ಟು! 400 ಗ್ರಾಂ ಸ್ಕೋಪನ್ನು ಜೊತೆಗೆ ಎಳೆದೊಯ್ಯಲು 80 ಕಿ.ಗ್ರಾಂ. ಭಾರಕ್ಕೆ ಸಮನಾದ ಬಲ ಬೇಕು. ಜಡತ್ವದಿಂದ ಸ್ಕೋಪು ಇದ್ದಲ್ಲೇ ಉಳಿಯಲು ನೋಡುತ್ತದೆ; ಅಂದರೆ ಕೋವಿಯ ಮೇಲೆ ಮುಂದಕ್ಕೆ ಜಾರುತ್ತದೆ. ಆದಕಾರಣ ಉಂಗುರದ ಅಡ್ಡಬೋಲ್ಟನ್ನು ಆಧಾರಪಟ್ಟಿಯ ಗಾಡಿಯ ಮುಂಬದಿಗೆ ಒತ್ತಿ ಬಿಗಿಯಬೇಕು. ಸ್ಕ್ರೂಗಳನ್ನು ತಯಾರಕರು ಹೇಳಿದಷ್ಟೇ, ಒಂದಾದ ಮೇಲೊಂದರಂತೆ ಬಿಗಿಯಬೇಕು. ಮಿತಿಮೀರಿದರೆ ಕೊಳವೆ ನಜ್ಜಾಗುತ್ತದೆ.

ಆ್ಯಂಡರ್ಸನ್‌ನ ಕೋವಿಗೆ ಇನ್ನೊಂದು ತೊಡಕು ಇದೆ. ಆ ಮಾದರಿ ಖಾಲಿ ತೋಟಾವನ್ನು ಮೇಲಕ್ಕೆ ಚಿಮ್ಮುತ್ತದೆ. ನೇರ ಮೇಲೆ ಸ್ಕೋಪು ಇಟ್ಟರೆ ದಾರಿ ಕಟ್ಟುತ್ತದೆ. ಅದಕ್ಕಾಗಿ ಸ್ಕೋಪನ್ನು ಪಕ್ಕಕ್ಕೆ ಸರಿಸಬೇಕು. ಇಲ್ಲವೇ ಸುಮಾರು 25 ಸೆಂ.ಮೀ. ನೇತ್ರದೂರದ ಸ್ಕೋಪನ್ನು ನಳಿಕೆಯ ಮೇಲೆ ಮುಂದೆ ಕೂರಿಸಬೇಕು. ಆಗ ಹುಬ್ಬು ಕ್ಷೇಮ, ನೋಟದ ಹರವು ಮಾತ್ರ ಕಿರಿದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮಲ್ಲಿ ಅಂಥ ಬೇಟೆಗೆ ಅವಕಾಶವಿಲ್ಲ. ಆದರೆ ನೇತ್ರದೂರದ ನಿಯಮ ಎಲ್ಲ ದೂರದರ್ಶಕಗಳಿಗೂ ಒಂದೇ. ಮುಂದಿನ ಸಲ ದುರ್ಬೀನು ಕೊಳ್ಳುವಾಗ ವರ್ಧನೆಯ ಜೊತೆಗೆ ನೇತ್ರದೂರವನ್ನೂ ಕೇಳಿ. ಕನ್ನಡಕವಿದ್ದರೆ 15 ಮಿ.ಮೀ.ಗೆ ಕಡಿಮೆ ಬೇಡ.