ಸರ್ವೋಚ್ಚ ನ್ಯಾಯಾಲಯದ ತೀರ್ಪು ಕಾನೂನಾಗುವ ಬಗೆ

ಕಾನೂನುಗಳನ್ನು ಸಂಸತ್ತು ಹಾಗೂ ರಾಜ್ಯ ವಿಧಾನಮಂಡಲಗಳು ರಚಿಸುತ್ತವೆ. ಆದರೆ ಕಾಯ್ದೆಯಲ್ಲಿನ ಪದವೊಂದರ ಅರ್ಥದ ಬಗ್ಗೆ ಪ್ರಶ್ನೆ ಉದ್ಭವಿಸಿದಾಗ ಸರ್ವೋಚ್ಚ ನ್ಯಾಯಾಲಯವು ನೀಡುವ ವ್ಯಾಖ್ಯಾನವೂ ಕಾನೂನೇ ಆಗುತ್ತದೆ. ಸಂವಿಧಾನದ 141ನೇ ಅನುಚ್ಛೇದದ ಮೇರೆಗೆ ದೇಶದ ಎಲ್ಲ ನ್ಯಾಯಾಲಯಗಳೂ ಅದಕ್ಕೆ ಬದ್ಧವಾಗಿರುತ್ತವೆ. 144ನೇ ಅನುಚ್ಛೇದದ ಮೇರೆಗೆ ಸರ್ಕಾರಿ ಪ್ರಾಧಿಕಾರಗಳು ಸಹ ಆ ನ್ಯಾಯಾಲಯಕ್ಕೆ ನೆರವಾಗುವಂತೆ ಕಾರ್ಯ ನಿರ್ವಹಿಸತಕ್ಕದ್ದು.

ದೆಹಲಿಯಿಂದ ಬಂದ ಪ್ರಕರಣವೊಂದನ್ನು ಇಲ್ಲಿ ಉದಾಹರಿಸಬಹುದು. ಅವಿವಾಹಿತ ತಾಯಿಯೊಬ್ಬರು ತಮ್ಮ ಉಳಿತಾಯ ಹಾಗೂ ವಿಮೆಗೆ ಮಗನನ್ನು ನಾಮನಿರ್ದೇಶನ ಮಾಡಬಯಸಿದರು. ತಂದೆಯ ಹೆಸರು ತಿಳಿಸಬೇಕು, ಇಲ್ಲವೇ ನ್ಯಾಯಾಲಯದಿಂದ ಪೋಷಕತ್ವದ ಪ್ರಮಾಣ ಪತ್ರ ತರಬೇಕು ಎಂದು ಅವರಿಗೆ ತಿಳಿಸಲಾಯಿತು. ಪೋಷಕತ್ವಕ್ಕೆ ಅರ್ಜಿ ಸಲ್ಲಿಸಿದಾಗ, 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ 11ನೇ ಕಲಮಿನಂತೆ ತಂದೆಗೆ ನೋಟೀಸು ನೀಡಬೇಕೆಂಬ ತೊಡಕು ಎದುರಾಯಿತು. ತಾಯಿ ಹೆಸರು ತಿಳಿಸಲು ಒಪ್ಪಲಿಲ್ಲ. ಕೆಳ ನ್ಯಾಯಾಲಯದಲ್ಲಿಯೂ ಉಚ್ಚ ನ್ಯಾಯಾಲಯದಲ್ಲಿಯೂ ಅರ್ಜಿ ತಿರಸ್ಕೃತವಾಯಿತು.

2015ರ ಜುಲೈ 6ರಂದು ಸರ್ವೋಚ್ಚ ನ್ಯಾಯಾಲಯವು, ಇಂತಹ ಮಗುವಿನ ವಿಷಯದಲ್ಲಿ ‘ತಂದೆತಾಯಿ’ ಎಂಬ ಪದಕ್ಕೆ ತಾಯಿ ಮಾತ್ರ ಎಂದು ಅರ್ಥೈಸಿತು. ಕಾಯ್ದೆಯ ಒಂದಕ್ಷರವೂ ಬದಲಾಗಲಿಲ್ಲ, ಅನ್ವಯ ಮಾತ್ರ ಬದಲಾಯಿತು.

ಸುಮಾರು ಐದು ವರ್ಷದ ಆ ಬಾಲಕನಿಗೆ ಜನನ ಪ್ರಮಾಣ ಪತ್ರವೇ ಇರಲಿಲ್ಲವೆಂಬುದು ವಿಚಾರಣೆಯಲ್ಲಿ ತಿಳಿದುಬಂದಿತ್ತು. ಆದುದರಿಂದ ನ್ಯಾಯಾಲಯವು ಇನ್ನೊಂದು ನಿರ್ದೇಶನವನ್ನೂ ನೀಡಿತು. ಏಕ ಪೋಷಕರು ಅಥವಾ ಅವಿವಾಹಿತ ತಾಯಿ ತಮ್ಮ ಮಗುವಿನ ಜನನ ಪ್ರಮಾಣ ಪತ್ರಕ್ಕೆ ಅರ್ಜಿ ಸಲ್ಲಿಸಿದಲ್ಲಿ ಅಧಿಕಾರಿಗಳು ಪ್ರಮಾಣಿತ ಹೇಳಿಕೆಯನ್ನು (ಅಫಿಡವಿಟ್) ಮಾತ್ರ ಕೇಳಬಹುದು. ನ್ಯಾಯಾಲಯದ ವ್ಯತಿರಿಕ್ತ ಆದೇಶವಿಲ್ಲದಿದ್ದಲ್ಲಿ ಪ್ರಮಾಣ ಪತ್ರ ನೀಡತಕ್ಕದ್ದು. ಅಂತಹ ಅರ್ಜಿದಾರರು ಹೇಳಿಕೆಯೊಂದಿಗೆ ಈ ತೀರ್ಪಿನ ದಿನಾಂಕವನ್ನು ಅರ್ಜಿಯಲ್ಲಿ ನಮೂದಿಸಬಹುದು.