ಕಳಿಸಿದ್ದು ಕನ್ನಡ, ತಲುಪಿದ್ದೇನು?

ಮುಳವಾಡ ಏತ ನೀರಾವರಿ ಕಾಲುವೆಗೆ ಜಮೀನು ಬಿಟ್ಟುಕೊಟ್ಟ ರೈತರೊಬ್ಬರು ಪರಿಹಾರದ ಅರ್ಜಿಯನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ, ವರ್ಡ್ ಫೈಲನ್ನೇ ಇಮೇಲ್‌ಗೆ ಅಟ್ಯಾಚ್ ಮಾಡಿ ಕಳಿಸಿದರು ಅಂದುಕೊಳ್ಳಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅರ್ಜಿದಾರರ ಹೆಸರೂ ಓದಲು ಬರಲ್ಲ.

ಫೈಲ್ ಕೆಟ್ಟಿಲ್ಲ. ಈ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆಯೇ ಕನ್ನಡದ ಆಕಾರ ಕೂರಿಸುತ್ತವೆ. ಮೇಲ್‌ನಲ್ಲಿ ಹೋಗೋದು ಸಂಕೇತ. ಫಾಂಟ್ ಸಾಮಾನ್ಯವಾಗಿ ಇಲ್ಲೇ ಉಳಿಯುತ್ತದೆ.

ಪಿಡಿಎಫ್ ಮಾಡಿದರೆ ಫಾಂಟೂ ಜೊತೆಗೆ ಹೋಗುತ್ತದೆ. ಓದಬಹುದು, ಆದರೆ ಕನ್ನಡದಲ್ಲಿ ಹೆಸರು ಹುಡುಕಿದರೆ ಸಿಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಸಂಕೇತಗಳಿವೆ.

ನಾನು ಹೇಳೋದಿಷ್ಟೇ: ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಪಿಡಿಎಫ್ ಕಳಿಸಿ. ಗಡುವಿರುವ ಅರ್ಜಿ ತಲುಪಿದರಷ್ಟೇ ಸಾಲದು, ಓದಲೂ ಬರಬೇಕು.