ಕಾಲವನ್ನು ತೂಗಿದ ತಕ್ಕಡಿ

ಕಾಶಿಗೆ ಹೋದ ಕನ್ನಡಿಗರು ವಿಶ್ವನಾಥ ಗಲ್ಲಿಯಲ್ಲಿ ಹಿತ್ತಾಳೆಯ ತಂಬಿಗೆ ಕೊಂಡು ಹಿಂದಿರುಗುವುದು ವಾಡಿಕೆ. ಅಲ್ಲಿಂದ ಅನತಿದೂರದ ಮಾನಮಂದಿರದ ಮಾಳಿಗೆಯನ್ನೇರುವವರು ವಿರಳ. ಹದಿನೆಂಟನೆಯ ಶತಮಾನದಲ್ಲಿ ಸವಾಯಿ ಜಯಸಿಂಹನು ಕಟ್ಟಿಸಿದ ವೇಧಶಾಲೆ ಅಲ್ಲಿದೆ. ಸಮ್ರಾಟ್ ಯಂತ್ರದ ಓರೆಗೋಡೆಯು ಭೂಮಿಯ ಅಕ್ಷಕ್ಕೆ ಸಮಾಂತರ. ಆದುದರಿಂದ ಅದರ ಬಾಗು ಕಾಶಿಯ ಅಕ್ಷಾಂಶದಷ್ಟೇ, ಸುಮಾರು 25 ಡಿಗ್ರಿ. ಅದರ ನೆರಳೇ ಗಡಿಯಾರದ ಮುಳ್ಳು.

ಕಾಲವನ್ನು ಅಳೆಯಲು ಮನುಷ್ಯನು ಪಟ್ಟ ಪಾಡು ಅಲ್ಲಿ ಕಲ್ಲಾಗಿ ನಿಂತಿದೆ. ನಮ್ಮ ಮಕ್ಕಳಿಗಾದರೋ ಕಾಲವೆಂಬುದು ಭೌತಶಾಸ್ತ್ರದ ಸೂತ್ರದೊಳಗಿನ ಒಂದಕ್ಷರ. ಬೀಳುವ ವಸ್ತು ಕ್ರಮಿಸುವ ದೂರವು ಕಾಲದ ವರ್ಗವನ್ನು ಅನುಸರಿಸುವುದೆಂದು ಬಾಯಿಪಾಠ ಮಾಡುತ್ತಾರೆ. ಅಷ್ಟು ಅಲ್ಪಕಾಲವನ್ನು ಮೊದಲು ಅಳೆದುದು ಹೇಗೆಂದು ಯಾರೂ ಕೇಳರು. ನೆರಳಿಗೆ ಆ ವೇಗ ಸಾಲದು. ಗೆಲಿಲಿಯೋ ಪತನವನ್ನೇ ನಿಧಾನಗೊಳಿಸಿ, ಇಳಿಜಾರು ಹಲಗೆಯ ತೋಡಿನಲ್ಲಿ ಕಂಚಿನ ಗುಂಡನ್ನು ಉರುಳಿಸಿದನು. ಉರುಳುವಷ್ಟು ಹೊತ್ತು ದೊಡ್ಡ ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ಹಿಡಿದು ತಕ್ಕಡಿಯಲ್ಲಿ ತೂಗಿದನು! ಕಾಲುಭಾಗ ದೂರಕ್ಕೆ ಅರ್ಧದಷ್ಟು ನೀರು. 1638ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಈ ವಿವರವಿದೆ. ಗಳಿಗೆಬಟ್ಟಲನ್ನು ಬಲ್ಲ ನಮ್ಮ ಹಿರಿಯರಿಗೆ ಇದು ವಿಚಿತ್ರವೆನಿಸುತ್ತಿರಲಿಲ್ಲ.

ಉಪಾಧ್ಯಾಯರು ಸೂತ್ರಕ್ಕೆ ಮೊದಲು ಈ ವೃತ್ತಾಂತವನ್ನು ಹೇಳಲಿ. ಗಡಿಯಾರವನ್ನು ಮುಚ್ಚಿಟ್ಟು ಗೋಲಿ, ಹಲಗೆ, ತೂತುಮಾಡಿದ ಡಬ್ಬಿಗಳನ್ನು ಮಕ್ಕಳ ಕೈಗೆ ಕೊಡಲಿ. ಮೊದಲ ಸಲ ಲೆಕ್ಕ ತಪ್ಪುವುದು. ಡಬ್ಬಿಯ ನೀರು ಇಳಿದಂತೆ ಧಾರೆಯೂ ಕುಗ್ಗುವುದನ್ನು ಕಂಡಾಗ, ಗೆಲಿಲಿಯೋ ದೊಡ್ಡ ಪಾತ್ರೆಯನ್ನೇ ಆರಿಸಿದುದೇಕೆಂದು ಅವರಿಗೇ ಹೊಳೆಯುವುದು.